ನಾಚಿಕೆ ಬಿಡ್ರಿ, ತೋರಿಸ್ಕೊಳ್ರಿ



ರಾತ್ರಿ ನಾಲ್ಕೈದು ಸಲ ಒಂದಕ್ಕೆ ಏಳ್ತಿದ್ದ ನಮ್ಮ ಕಾಕಾ, "ವಯಸ್ಸಾತು, ಇದಕ್ಕೇನ್ ದವಾಖಾನಿ?" ಅಂತಿದ್ದ. ಸೊಂಟನೋವು ಕೂಲಿಯಿಂದ ಬಂದದ್ದು ಅಂದ್ಕೊಂಡ್ವಿ. ಹುಬ್ಬಳ್ಳಿಗೆ ಒಯ್ಯೋ ಹೊತ್ತಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಲುಬಿಗೆ ಇಳಿದಿತ್ತು.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಕೇರಿಗಳಲ್ಲಿ ಎಷ್ಟೋ ಸಭೆ ಮಾಡಿದ್ದೇನೆ. ಭೂಮಿ, ಸ್ಮಶಾನ, ಕೂಲಿ ಅಂದ್ರೆ ಗಂಟಲು ಹರಿಯುವಂತೆ ಮಾತಾಡುವ ಗಂಡಸರು ಇದೊಂದಕ್ಕೆ ತಲೆ ತಗ್ಗಿಸ್ತಾರೆ. ನಾನೂ ತಗ್ಗಿಸಿದ್ದೆ.

ಈ ರೋಗ ಶುರುವಿನಲ್ಲಿ ಬಹುಪಾಲು ಸುಳಿವೇ ಕೊಡೋದಿಲ್ಲ. 50 ದಾಟಿದವರು, ಅಪ್ಪನಿಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ 45ಕ್ಕೇ, ಪಿಎಸ್‌ಎ ರಕ್ತಪರೀಕ್ಷೆ ಬಗ್ಗೆ ಡಾಕ್ಟರ್ ಹತ್ರ ಕೇಳ್ರಿ. ಅಂಕಿ ಏರಿದ್ರೆ ಕ್ಯಾನ್ಸರೇ ಅಂತಲ್ಲ. ಗ್ರಂಥಿ ಊದಿದ್ರೂ ಏರ್ತದೆ.

ಮೊನ್ನೆ ನಾನೂ ರಕ್ತ ಕೊಟ್ಟು ಬಂದೆ. ಒಬ್ಬರೇ ಹೋಗೋಕೆ ಹಿಂಜರಿಯೋರು ಹೇಳ್ರಿ, ಜೊತೆಗೆ ಬರ್ತೀನಿ.