ಫ್ಯಾಮಿಲಿಯಾ, ಬ್ಯಾಚುಲರಾ?

ನಮ್ಮ ಕಡೆ ಬಾಡಿಗೆ ಮನೆ ಕೇಳಿಕೊಂಡು ಹೋದವರು ಗೇಟಿನ ಚಿಲಕ ತೆಗೆಯುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: "ಫ್ಯಾಮಿಲಿಯಾ, ಬ್ಯಾಚುಲರಾ?" ಮನೆ ಬಾಡಿಗೆಗೆ ಕೊಡುವವರ ಪ್ರಕಾರ ಮನುಷ್ಯರಲ್ಲಿ ಇವೆರಡೇ ಜಾತಿ. ಮಣಿಪಾಲದ ಈಶ್ವರನಗರದಿಂದ ಹಿಡಿದು ಸಂತೆಕಟ್ಟೆ ದಾಟಿ ನಮ್ಮ ಕೆಮ್ಮಣ್ಣಿನವರೆಗೂ ಇದೇ ಲೆಕ್ಕ. ಫ್ಯಾಮಿಲಿ ಎಂದರೆ ಸಾಕು, ಮದುವೆಯ ಸರ್ಟಿಫಿಕೇಟು ತೋರಿಸಿ ಎಂದು ಕೇಳಿದ ಧಣಿಗಳನ್ನು ನಾನಂತೂ ಕಂಡಿಲ್ಲ. ಮನೆಯೊಡತಿ ಬಂದ ಹೆಣ್ಣಿನ ಕುತ್ತಿಗೆಯತ್ತ ಒಮ್ಮೆ ಕಣ್ಣು ಹಾಯಿಸುತ್ತಾರೆ. ಕರಿಮಣಿ ಕಂಡರೆ ಬಾವಿಯ ನೀರಿನ ವಿಷಯಕ್ಕೆ ಮಾತು ತಿರುಗುತ್ತದೆ. ಕಾಣದಿದ್ದರೆ "ಮೊನ್ನೆಯಷ್ಟೇ ಒಬ್ಬರು ಅಡ್ವಾನ್ಸ್ ಕೊಟ್ಟು ಹೋದರು ಮಾರಾಯ್ರೆ" ಎಂಬ ಸುಳ್ಳು ಹೊರಬೀಳುತ್ತದೆ.

ಈಗ ಮೂರನೆಯ ಜಾತಿಯೊಂದು ಬಂದಿದೆ. ಇಬ್ಬರೂ ದುಡಿಯುತ್ತಾರೆ, ಒಂದೇ ಸ್ಕೂಟರಿನಲ್ಲಿ ಬರುತ್ತಾರೆ, ಒಂದೇ ಗ್ಯಾಸ್ ಒಲೆ ಸಾಕು ಎನ್ನುತ್ತಾರೆ, ಮದುವೆ ಮಾತ್ರ ಆಗಿಲ್ಲ. ಇವರನ್ನು ಯಾವ ಪಟ್ಟಿಗೆ ಸೇರಿಸುವುದೆಂದು ಧಣಿಗಳಿಗೆ ಗೊತ್ತಾಗುವುದಿಲ್ಲ. ತಮಾಷೆಯೆಂದರೆ ಇಂಥದೇ ಜೋಡಿ ನಮ್ಮ ತಿಮ್ಮಣ್ಣಕುದ್ರುವಿನ ತೂಗುಸೇತುವೆಯ ಮೇಲೆ ಕೈಕೈ ಹಿಡಿದು ನಿಂತರೆ ಊರಿಗೆ ಖುಷಿ. ಡ್ರೋನ್ ಹಾರುತ್ತದೆ, ಸ್ವರ್ಣಾ ನದಿಯಲ್ಲಿ ದೋಣಿಯವನಿಗೆ ನಾಲ್ಕು ಕಾಸು ಸಿಗುತ್ತದೆ. ಅದಕ್ಕೆ ಪ್ರಿವೆಡ್ಡಿಂಗ್ ಶೂಟ್ ಎಂದು ಹೆಸರು. ಮದುವೆಯ ಮುಂಚಿನ ಫೋಟೊಕ್ಕೆ ಇರುವ ಮರ್ಯಾದೆ ಮದುವೆಯ ಮುಂಚಿನ ಸಂಸಾರಕ್ಕೆ ಇಲ್ಲ.

ಚಾದಂಗಡಿಯಲ್ಲಿ ಈ ಮಾತು ಬಂದಾಗ ಗೋಳಿಬಜೆ ತಣ್ಣಗಾದರೂ ಚರ್ಚೆ ತಣ್ಣಗಾಗುವುದಿಲ್ಲ. "ಎಲ್ಲಾ ಬೆಂಗಳೂರಿಂದ ಬಂದ ರೋಗ" ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟರು. ನಾನದನ್ನು ಮನೆಗೆ ಬಂದು ದೊಡ್ಡಮ್ಮನಿಗೆ ವರದಿ ಮಾಡಿದೆ. ಅವರು ತೆಂಗಿನಕಾಯಿ ಹೆರೆಯುತ್ತಾ, "ಹೌದಾ? ಅವರ ಅಜ್ಜಿಯ ಮದುವೆಯನ್ನು ಬ್ರಿಟಿಷರ ಕೋರ್ಟು ಒಪ್ಪಿತ್ತಾ ಅಂತ ಒಮ್ಮೆ ಕೇಳಿ ಬಾ" ಎಂದರು.

ದೊಡ್ಡಮ್ಮ ಹೇಳಿದ್ದರಲ್ಲಿ ಸತ್ಯ ಉಂಟು. ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರದು ಅಳಿಯಸಂತಾನ ಕಟ್ಟು. ಭೂತಾಳ ಪಾಂಡ್ಯನಿಂದ ಬಂದದ್ದೆಂದು ಐತಿಹ್ಯ: ಕುಂಡೋದರ ಭೂತ ಅವನ ಸೋದರಮಾವನಲ್ಲಿ ಬಲಿ ಕೇಳಿದಾಗ ಮಾವನ ಹೆಂಡತಿ ಮಗನನ್ನು ಕೊಡಲೊಪ್ಪಲಿಲ್ಲ, ತಂಗಿ ತನ್ನ ಮಗನನ್ನು ಒಪ್ಪಿಸಿದಳು, ಆದ್ದರಿಂದ ಸೊತ್ತು ಅಳಿಯನಿಗೆ ಎಂದಾಯಿತಂತೆ. ಕನ್ಯೆಯರಿಗೆ ಕೈಧಾರೆ, ವಿಧವೆಯರಿಗೆ ಬುಡುಧಾರೆ ಎಂದು ಬಂಟರಲ್ಲಿ ಎರಡು ಬಗೆಯ ಮದುವೆ ಇದ್ದವು. ಊರಿಗೆ ಊರೇ ಉಂಡು ಹರಸಿದ ಮದುವೆಗಳು. ಆದರೆ ಹತ್ತೊಂಬತ್ತನೆಯ ಶತಮಾನದ ಮದ್ರಾಸ್ ಹೈಕೋರ್ಟು, ಈ ಕೂಡಿಕೆಯನ್ನು ಇಬ್ಬರಲ್ಲಿ ಯಾರು ಬೇಕಾದರೂ ಮುರಿಯಬಹುದು, ಹಾಗಾಗಿ ಕಾನೂನಿನ ಕಣ್ಣಿಗೆ ಇದು ಮದುವೆಯೇ ಅಲ್ಲ ಎಂದಿತು. ಜೀವನಾಂಶ ಕೇಳಿದ ಹೆಂಡತಿಗೂ ಅದೇ ಉತ್ತರ. ಅಂದರೆ ಇಂದಿನ ಭಾಷೆಯಲ್ಲಿ ನಮ್ಮ ಮುತ್ತಜ್ಜ ಮುತ್ತಜ್ಜಿಯರೆಲ್ಲ ಲಿವ್-ಇನ್ ಜೋಡಿಗಳು.

ಸರಕಾರಕ್ಕೆ ಇದು ಸಹಿಸಲಾಗಲಿಲ್ಲ. ಮಲಬಾರಿನ ಇಂಥದೇ ಕಟ್ಟಾದ ಮರುಮಕ್ಕತ್ತಾಯಂ ಮತ್ತು ಅಳಿಯಸಂತಾನದವರು ತಮ್ಮ ಕೂಡಿಕೆಯನ್ನು ನೋಂದಾಯಿಸಿ ಮದುವೆ ಎನಿಸಿಕೊಳ್ಳಲಿ ಎಂದು 1896ರಲ್ಲಿ ಮಲಬಾರ್ ಮದುವೆ ಕಾಯ್ದೆ ತಂದಿತು. ಜನ ಅತ್ತ ಹೆಚ್ಚು ಸುಳಿಯಲಿಲ್ಲ. ನಮ್ಮವರಿಗೆ ಸರಿಯಾದ ಕಾನೂನು ಬಂದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ. ಮದುವೆ, ಜೀವನಾಂಶ, ಪಾಲು ಎಲ್ಲಕ್ಕೂ ಅಲ್ಲಿ ಜಾಗ ಸಿಕ್ಕಿತು.

"ಹಾಗಾದರೆ ಅಲ್ಲಿಯವರೆಗೆ ಹೆಂಗಸರ ಗತಿ?" ಎಂದೆ. ದೊಡ್ಡಮ್ಮ ನಕ್ಕರು. "ಗತಿ ಎಂಥದ್ದು? ಗಂಡ ಸತ್ತರೂ ಬಿಟ್ಟರೂ ಮಕ್ಕಳನ್ನು ಕರಕೊಂಡು ಕುಟುಂಬದ ಮನೆಗೆ ಬರುವುದು. ಮನೆ ಅವಳದ್ದೇ ಅಲ್ಲವಾ?" ಕೋರ್ಟಿನ ಮುಂದೆ ಮದುವೆ ನಿಲ್ಲದಿದ್ದರೂ ಆ ಹೆಣ್ಣು ಬೀದಿಗೆ ಬೀಳದಿದ್ದುದು ಇದರಿಂದ. ಆಸ್ತಿ ಹೆಣ್ಣಿನ ಸಂತಾನದಲ್ಲಿ ಇಳಿಯುತ್ತಿತ್ತು, ಹಿರಿಯಳಾದವಳು ಯಜಮಾನ್ತಿಯೂ ಆಗಬಹುದಿತ್ತು. ಸಂಬಂಧದ ಹೆಸರು ಏನೇ ಇರಲಿ, ಕೆಳಗೆ ಕಾಲೂರಲು ನೆಲವಿತ್ತು.

ಇವತ್ತಿನ ಜೋಡಿಗಳಿಗೆ ಆ ನೆಲವಿಲ್ಲ. ಹಾಗೆಂದು ಕಾನೂನು ಅವರನ್ನು ಅಪರಾಧಿಗಳೆಂದೂ ಹೇಳುವುದಿಲ್ಲ. ನಟಿ ಖುಷ್ಬೂ ಅವರ ಪ್ರಕರಣದಲ್ಲಿ, 2010ರಲ್ಲಿ, ವಯಸ್ಸಿಗೆ ಬಂದ ಇಬ್ಬರು ಒಟ್ಟಿಗೆ ಇರುವುದು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿತು. ಅದಕ್ಕೂ ಮೊದಲೇ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ 'ಮದುವೆಯ ಸ್ವರೂಪದ ಸಂಬಂಧ'ದಲ್ಲಿರುವ ಹೆಣ್ಣಿಗೂ ರಕ್ಷಣೆ ಕೊಟ್ಟಿತ್ತು. ಹೊಡೆದರೆ ದೂರು, ಮನೆಯಲ್ಲಿ ಇರುವ ಹಕ್ಕು, ಖರ್ಚಿಗೆ ಹಣ ಎಲ್ಲಾ ಉಂಟು. ಆದರೆ ಒಟ್ಟಿಗೆ ಇದ್ದದ್ದೆಲ್ಲ ಆ ಸಂಬಂಧವಲ್ಲ. ಸಮಾಜದ ಎದುರು ಗಂಡ-ಹೆಂಡಿರಂತೆ ಕಾಣಿಸಿಕೊಂಡಿರಬೇಕು, ಇಬ್ಬರಿಗೂ ಮದುವೆಯ ವಯಸ್ಸಾಗಿರಬೇಕು, ಮದುವೆಯಾಗಲು ಅಡ್ಡಿ ಇರಬಾರದು, ಸಾಕಷ್ಟು ಕಾಲ ಒಂದೇ ಮನೆಯಲ್ಲಿ ಬಾಳಿರಬೇಕು ಎಂದು 2010ರ ಇನ್ನೊಂದು ತೀರ್ಪು. ವಾರದ ಕೊನೆಗೆ ಬಂದು ಹೋಗುವವರು ಇದರೊಳಗೆ ಬರುವುದಿಲ್ಲ.

ಬೆಂಗಳೂರಿನ ಒಂದು ಪ್ರಕರಣ ಈ ಗೆರೆ ಎಷ್ಟು ಬಿಗಿ ಎಂದು ತೋರಿಸಿತು. ಒಂದೇ ಕಂಪನಿಯಲ್ಲಿ ದುಡಿಯುತ್ತಿದ್ದ ಇಬ್ಬರು 1992ರಿಂದ ಒಟ್ಟಿಗೆ ಬಾಳಿದರು. ಗಂಡಸಿಗೆ ಆಗಲೇ ಹೆಂಡತಿ, ಮಕ್ಕಳು ಇದ್ದರು. ಅವನು ಬಿಟ್ಟು ಹೋದ ಮೇಲೆ ಅವಳು ಕೋರ್ಟಿಗೆ ಹೋದಳು. ಮ್ಯಾಜಿಸ್ಟ್ರೇಟರು ತಿಂಗಳಿಗೆ 18,000 ರೂಪಾಯಿ ಕೊಡಬೇಕೆಂದರು, ಸೆಷನ್ಸ್ ಕೋರ್ಟು ಹೌದೆಂದಿತು, ಕರ್ನಾಟಕ ಹೈಕೋರ್ಟು ತಳ್ಳಿಹಾಕಿತು. 2013ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಕೂಡ, ಅವನಿಗೆ ಮದುವೆಯಾಗಿದೆ ಎಂದು ತಿಳಿದೇ ಜೊತೆಗಿದ್ದವಳಿಗೆ ಈ ಕಾಯ್ದೆಯಲ್ಲಿ ಪರಿಹಾರ ಇಲ್ಲವೆಂದಿತು. ಇಂಥ ಹೆಂಗಸರಿಗೂ ಅವರ ಮಕ್ಕಳಿಗೂ ಸಂಸತ್ತು ಕಾನೂನು ಮಾಡಲಿ ಎಂದು ಅದೇ ತೀರ್ಪು ಕೇಳಿಕೊಂಡಿತು. ಸಂಸತ್ತು ಇನ್ನೂ ಮಾಡಿಲ್ಲ.

ಹಾಗಾದರೆ ನಾವೇ ಒಂದು ಛಾಪಾಕಾಗದ ಮಾಡಿಕೊಂಡರೆ? ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದೇ. ಗುಜರಾತಿನಲ್ಲಿ ಹಿಂದೆ 'ಮೈತ್ರಿ ಕರಾರು' ಎಂಬುದೊಂದು ನಡೆಯಿತು. ಮದುವೆಯಾದ ಗಂಡಸು ಇನ್ನೊಬ್ಬಳ ಜೊತೆ ಸ್ನೇಹದ ಒಪ್ಪಂದ ಬರೆದುಕೊಂಡು ಎರಡನೆಯ ಸಂಸಾರ ಹೂಡುವುದು. ಕೋರ್ಟಿನಲ್ಲಿ ಅಂಥ ಕಾಗದ ನಿಲ್ಲುವುದಿಲ್ಲ. ಅನೈತಿಕವಾದ, ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ಉದ್ದೇಶದ ಕರಾರಿಗೆ ಬೆಲೆಯಿಲ್ಲವೆಂದು 1872ರ ಕರಾರು ಕಾಯ್ದೆಯ 23ನೆಯ ಕಲಂ ಹೇಳುತ್ತದೆ. "ಜೊತೆಗಿದ್ದರೆ ಇಷ್ಟು, ಬಿಟ್ಟರೆ ಇಷ್ಟು ಲಕ್ಷ" ಎಂದು ಬರೆದದ್ದು ನ್ಯಾಯಾಧೀಶರ ಮುಂದೆ ಹೋದರೆ ಮೊದಲು ಕಾಗದವೇ ಆರೋಪಿಯ ಕಟಕಟೆ ಹತ್ತುತ್ತದೆ. ಆದರೆ ಫ್ರಿಜ್ ಯಾರದ್ದು, ಬಾಡಿಗೆ ಯಾರು ಎಷ್ಟು, ಕಾರಿನ ಸಾಲದ ಕಂತು ಯಾರ ಪಾಲಿಗೆ ಎಂದು ಬರೆದುಕೊಳ್ಳುವುದಕ್ಕೆ ಯಾವ ಕಾನೂನಿನ ತಕರಾರೂ ಇಲ್ಲ. ಪ್ರೀತಿಯ ವಿಷಯವನ್ನು ಕಾಗದದ ಹೊರಗಿಟ್ಟು ಪಾತ್ರೆ-ಪಡಗದ ವಿಷಯವನ್ನು ಒಳಗೆ ಹಾಕಬೇಕು.

ಮೊದಲು ಬಾಡಿಗೆ ಚೀಟಿ. ಒಂದು ವರ್ಷ ಮೀರಿದ ಗೇಣಿಗೆ ನೋಂದಣಿ ಕಡ್ಡಾಯ, ಅದಕ್ಕೇ ನಮ್ಮ ಎಲ್ಲಾ ಅಗ್ರಿಮೆಂಟುಗಳಿಗೂ ಹನ್ನೊಂದು ತಿಂಗಳ ಆಯುಷ್ಯ. ಆ ಹನ್ನೊಂದು ತಿಂಗಳಾದರೂ ಇಬ್ಬರ ಹೆಸರಿನಲ್ಲಿರಲಿ. ಜಗಳವಾದ ರಾತ್ರಿ ಹೆಸರಿಲ್ಲದವರೇ ಬ್ಯಾಗು ಹಿಡಿದು ಸಂತೆಕಟ್ಟೆಯಲ್ಲಿ ಬಸ್ಸಿಗೆ ಕಾಯಬೇಕು. ಹೆಣ್ಣಿಗಾದರೆ 2005ರ ಕಾಯ್ದೆಯ ಆಸರೆ ಇದೆ, ಗಂಡಿಗೆ ಅದೂ ಇಲ್ಲ.

ಆಮೇಲೆ ಜಾಗ, ಫ್ಲ್ಯಾಟು. ಗಂಡ ಹೆಂಡತಿಯ ಹೆಸರಲ್ಲಿ ಸ್ವಂತ ದುಡಿಮೆಯಿಂದ ಜಾಗ ಕೊಂಡರೆ ಬೇನಾಮಿ ಕಾಯ್ದೆ ತಲೆಹಾಕುವುದಿಲ್ಲ, ಅದಕ್ಕೆ ವಿನಾಯಿತಿ ಇದೆ. ಮದುವೆಯಾಗದ ಜೊತೆಗಾತಿಯ ಹೆಸರಲ್ಲಿ ಕೊಂಡರೆ ಆ ವಿನಾಯಿತಿ ಇಲ್ಲ. ಇಬ್ಬರೂ ದುಡ್ಡು ಹಾಕಿದ್ದರೆ ಕ್ರಯಪತ್ರದಲ್ಲಿ ಇಬ್ಬರ ಹೆಸರು, ಯಾರ ಪಾಲು ಎಷ್ಟೆಂಬುದು ಇರಲೇಬೇಕು. ಚಿನ್ನದ ಕಥೆಯೂ ಹೀಗೇ. ಒಂದು ಪವನಿನ ಸರ ಉಡುಗೊರೆ ಕೊಟ್ಟರೆ ಈಗಿನ ದರದಲ್ಲಿ 50,000 ರೂಪಾಯಿಯ ತೆರಿಗೆ ಗಡಿ ದಾಟಿ ಹೋಗುತ್ತದೆ. ಹೆಂಡತಿಗೆ ಕೊಟ್ಟರೆ ತೆರಿಗೆ ಇಲ್ಲ, ಜೊತೆಗಾತಿಗೆ ಕೊಟ್ಟರೆ ಅದು ಅವಳ ಆದಾಯ. ತೆರಿಗೆ ಇಲಾಖೆಗೆ ಪ್ರೀತಿ ತಿಳಿಯದು, ಸಂಬಂಧಿಕರ ಪಟ್ಟಿ ತಿಳಿದಿದೆ.

ಸಾವಿನ ಮಾತು ಯಾರಿಗೂ ಬೇಡ. ಆದರೆ ಎಲ್ಲಕ್ಕಿಂತ ಹೆಚ್ಚು ಕೈಕೊಡುವುದು ಅಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ ವಾರಸುದಾರರ ಪಟ್ಟಿಯಲ್ಲಿ ದೂರದ ದಾಯಾದಿಗೆ ಜಾಗ ಉಂಟು, ಇಪ್ಪತ್ತು ವರ್ಷ ಗಂಜಿ ಬೇಯಿಸಿ ಕೊಟ್ಟ ಜೊತೆಗಾತಿಗೆ ಇಲ್ಲ. ಬ್ಯಾಂಕಿನಲ್ಲಿ ನಾಮಿನಿ ಮಾಡಿದ್ದೇನಲ್ಲ ಎಂದು ನೆಮ್ಮದಿಯಿಂದ ಕೂರುವ ಹಾಗಿಲ್ಲ. ನಾಮಿನಿ ಹಣ ಕೈಗೆ ತೆಗೆದುಕೊಳ್ಳುತ್ತಾನೆ, ಆದರೆ ವಾರಸುದಾರರ ಪರವಾಗಿ. ಪಿ.ಎಫ್., ಗ್ರಾಚ್ಯುಟಿಗಳಲ್ಲಂತೂ ಕುಟುಂಬ ಇದ್ದವರು ಕುಟುಂಬದವರನ್ನೇ ಹೆಸರಿಸಬೇಕು. ಆದ್ದರಿಂದ ವೀಲುನಾಮೆ ಬೇಕೇ ಬೇಕು.

ಅದರಲ್ಲೂ ನಮ್ಮೂರಿನಂಥ ಊರಿನಲ್ಲಿ, ಇಗರ್ಜಿಯ ಗಂಟೆ, ಬಾಂಗ್, ಭಜನೆಯ ಮೈಕು ಮೂರೂ ಕೇಳುವಲ್ಲಿ, ಒಬ್ಬೊಬ್ಬರದು ಒಂದೊಂದು ನಿಯಮ. ಹಿಂದೂ ತನ್ನ ಸ್ವಂತ ಸಂಪಾದನೆಯನ್ನು ಯಾರಿಗೆ ಬೇಕಾದರೂ ಬರೆಯಬಹುದು. ಮುಸಲ್ಮಾನರು ಮೂರನೆಯ ಒಂದು ಪಾಲಿಗಿಂತ ಹೆಚ್ಚು ಬರೆದರೆ ವಾರಸುದಾರರು ಒಪ್ಪಬೇಕು. ಕ್ರಿಶ್ಚಿಯನ್ನರದು ಇನ್ನೂ ವಿಚಿತ್ರ: ಒಟ್ಟಿಗೆ ಇದ್ದಾಗ ಒಬ್ಬರಿಗೊಬ್ಬರು ವೀಲು ಬರೆದು, ಆಮೇಲೆ ಮನಸ್ಸಾಗಿ ಇಗರ್ಜಿಯಲ್ಲಿ ಮದುವೆಯಾದರೆ, ಆ ಮದುವೆಯಿಂದಲೇ ಹಳೆಯ ವೀಲು ರದ್ದು! ಮದುವೆಯ ಮುಂಚಿನ ರೋಸಿನ ಶಾಸ್ತ್ರ ಮುಗಿಸಿ ಮದುವೆಯಾದವರು ಮತ್ತೆ ವಕೀಲರ ಬಾಗಿಲಿಗೆ ಹೋಗಿ ಹೊಸತು ಬರೆಸಬೇಕು.

ಆಸ್ಪತ್ರೆಯ ಮಾತು ಬೇರೆ. ಐಸಿಯು ಬಾಗಿಲಲ್ಲಿ "ನೀವು ಪೇಷಂಟಿಗೆ ಏನಾಗಬೇಕು?" ಎಂದರೆ "ಜೊತೆಗಿದ್ದೇವೆ" ಎಂಬ ಉತ್ತರ ಫಾರ್ಮಿನ ಯಾವ ಚೌಕದಲ್ಲೂ ಕೂರುವುದಿಲ್ಲ. ಕೊನೆಗಾಲದ ಚಿಕಿತ್ಸೆಯ ಬಗ್ಗೆ ಮುಂಚಿತವಾಗಿ ಬರೆದಿಡಲು ಸುಪ್ರೀಂ ಕೋರ್ಟು 2018ರಲ್ಲಿ ದಾರಿ ಮಾಡಿ 2023ರಲ್ಲಿ ಅದನ್ನು ಸುಲಭಗೊಳಿಸಿದೆ. ಇಬ್ಬರು ಸಾಕ್ಷಿಗಳ ಜೊತೆ ನೋಟರಿಯ ಎದುರು ಮಾಡಿದರೆ ಆಯಿತು. ಮಾತನಾಡಲಾಗದ ಹೊತ್ತಿಗೆ ತನ್ನ ಪರವಾಗಿ ತೀರ್ಮಾನಿಸುವವರು ಯಾರೆಂದು ಅದರಲ್ಲಿ ಹೆಸರು ಬರೆಯಬಹುದು.

ಮಕ್ಕಳ ವಿಷಯದಲ್ಲಿ ಕೋರ್ಟುಗಳ ಮನಸ್ಸು ಮೃದು. ಬಹುಕಾಲ ಗಂಡ-ಹೆಂಡಿರಂತೆ ಬಾಳಿದವರನ್ನು ಮದುವೆಯಾದವರೆಂದೇ ಭಾವಿಸುವ ನಿಯಮ ಹಳೆಯದು. 1978ರಲ್ಲಿ, ಸುಮಾರು ಐವತ್ತು ವರ್ಷ ಜೊತೆಗಿದ್ದ ದಂಪತಿಯ ಮದುವೆಗೆ ಕಣ್ಣಾರೆ ಕಂಡ ಸಾಕ್ಷಿ ತನ್ನಿ ಎಂದರೆ ಎಲ್ಲಿಂದ ತರುವುದು ಎಂಬರ್ಥದಲ್ಲಿ ಸುಪ್ರೀಂ ಕೋರ್ಟು ಕೇಳಿತ್ತು. ಕೇರಳದ ಒಂದು ಪ್ರಕರಣದಲ್ಲಿ 2022ರಲ್ಲಿ ಅದೇ ನಿಯಮದ ಬಲದಿಂದ ಮಗನಿಗೆ ಪಾಲು ಸಿಕ್ಕಿತು.

ದುಬೈಯಲ್ಲಿರುವ ನಮ್ಮೂರ ಹುಡುಗರು ಇದನ್ನೆಲ್ಲ ಕೇಳಿ ನಗುತ್ತಾರೆ. ದುಬೈ ಸೇರಿದ ಯುಎಇ ದೇಶವೇ 2020ರಲ್ಲಿ ಮದುವೆಯಿಲ್ಲದೆ ಒಟ್ಟಿಗೆ ಇರುವುದನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ನಮ್ಮಲ್ಲಿ ಉತ್ತರಾಖಂಡ 2025ರ ಜನವರಿಯಿಂದ ತದ್ವಿರುದ್ಧ ದಾರಿ ಹಿಡಿದಿದೆ. ಅಲ್ಲಿ ಒಟ್ಟಿಗೆ ಇರುವವರು ಒಂದು ತಿಂಗಳೊಳಗೆ ನೋಂದಾಯಿಸಬೇಕು, ತಪ್ಪಿದರೆ ಮೂರು ತಿಂಗಳವರೆಗೆ ಜೈಲೂ ಆಗಬಹುದು. 1896ರಲ್ಲಿ ಮದ್ರಾಸಿನವರು ಬನ್ನಿ ನೋಂದಾಯಿಸಿ ಎಂದು ಕರೆದಿದ್ದರು, ಜೈಲಿನ ಮಾತು ಆಡಿರಲಿಲ್ಲ. ದೊಡ್ಡಮ್ಮನಿಗೆ ಇದನ್ನು ಹೇಳಿದರೆ, "ರಿಜಿಸ್ಟರ್ ಮಾಡುವ ಸಮಯಕ್ಕೆ ಮದುವೆಯೇ ಆಗಬಹುದಲ್ಲ" ಎಂದರು. ಆಗಬಹುದು. ವಿಶೇಷ ವಿವಾಹ ಕಾಯ್ದೆಯಲ್ಲಿ ಮೂವತ್ತು ದಿನದ ನೋಟಿಸು ಕೊಟ್ಟರೆ ಸಬ್‌ರಿಜಿಸ್ಟ್ರಾರರೇ ಮಾಡಿಸುತ್ತಾರೆ. ಆದರೆ ಬೇಡ ಎನ್ನುವವರಿಗೂ, ಆಗಲು ಕಾನೂನಿನ ಅವಕಾಶವೇ ಇಲ್ಲದ ಗಂಡು-ಗಂಡು, ಹೆಣ್ಣು-ಹೆಣ್ಣು ಜೋಡಿಗಳಿಗೂ ತಲೆಯ ಮೇಲೆ ಸೂರು ಬೇಕು.

ಅದಕ್ಕೇ ನನ್ನ ಮಾತು ಇಷ್ಟು. ಮನೆ ಕೊಡುವವರು ಕುತ್ತಿಗೆ ನೋಡುವ ಬದಲು ಇಬ್ಬರ ಗುರುತುಚೀಟಿ ನೋಡಿ, ಅಗ್ರಿಮೆಂಟಿನಲ್ಲಿ ಇಬ್ಬರ ಹೆಸರೂ ಬರೆಯಿರಿ. ಒಟ್ಟಿಗೆ ಇರುವವರು, ಅಜ್ಜಿಯಂದಿರಿಗಿದ್ದ ಕುಟುಂಬದ ಮನೆ ನಿಮಗಿಲ್ಲ ಎಂಬುದನ್ನು ನೆನಪಿಟ್ಟು ಕಾಗದಗಳನ್ನು ಸರಿಮಾಡಿಕೊಳ್ಳಿ. ವೀಲುನಾಮೆಯಿಂದಲೇ ಸುರು ಮಾಡಿ. ಅದಕ್ಕೆ ಛಾಪಾಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ನಿಮ್ಮ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಇದ್ದರೆ ಬಿಳಿ ಹಾಳೆಯ ಮೇಲೆ ಬರೆದದ್ದೂ ಕೋರ್ಟಿನಲ್ಲಿ ನಿಲ್ಲುತ್ತದೆ.