ಡಿ.ಎ. ಬಾಕಿಯೂ ಹೊಸ ಮಾನಿಟರೂ

ತುಟ್ಟಿಭತ್ಯೆಯ ಬಾಕಿ ಬಂದರೆ ಮೇಷ್ಟ್ರುಗಳ ಮನೆಯಲ್ಲಿ ಒಂದು ವಾರ ಹಬ್ಬದ ಕಳೆ. ನಮಗೆ ಸಲ್ಲಬೇಕಾದ ಹಣವೇ ಆದರೂ ಒಟ್ಟಿಗೆ ಬರುವುದರಿಂದ ದಾರಿಯಲ್ಲಿ ಬಿದ್ದು ಸಿಕ್ಕಿದಂತೆ ಅನ್ನಿಸುತ್ತದೆ. ಈ ಸಲ ನನ್ನ ಖಾತೆಗೆ ಬಂದದ್ದು ಇಪ್ಪತ್ತೆರಡು ಸಾವಿರ ಚಿಲ್ಲರೆ. ನನ್ನಾಕೆ ಅಡುಗೆಮನೆಯ ಸೋರುವ ತಾರಸಿಯ ಮಾತೆತ್ತಿದಳು. ಮಗಳದು ಒಂದೇ ಪಟ್ಟು: "ಅಪ್ಪ, ಹೊಸ ಮಾನಿಟರ್ ಕೊಡಿಸು. ಇದರಲ್ಲಿ ಅಕ್ಷರಾನೇ ಸರಿಯಾಗಿ ಕಾಣಲ್ಲ."

ಅವಳು ದ್ವಿತೀಯ ಪಿಯುಸಿ. ಸಿಇಟಿ ತಯಾರಿಗೆಂದು ದಿನಕ್ಕೆ ಮೂರು ಗಂಟೆ ಅದರ ಮುಂದೆ ಕೂರುತ್ತಾಳೆ. ಎದ್ದಾಗ ತಲೆನೋವು ಎನ್ನುತ್ತಾಳೆ. "ಮೊಬೈಲ್ ಕೆಳಗಿಡು, ತಲೆನೋವು ತಾನಾಗಿ ಹೋಗುತ್ತೆ" ಎಂದು ಒಂದು ವರ್ಷದಿಂದ ಗದರಿಸುತ್ತಲೇ ಬಂದಿದ್ದೆ. ಆದರೆ ಮಾನಿಟರ್ 2011ರದ್ದು, 18.5 ಇಂಚಿನದು ಎಂಬುದೂ ನಿಜ. ಪ್ರಶ್ನೆಪತ್ರಿಕೆ ಟೈಪು ಮಾಡುವಾಗ ನನಗೂ ಅಕ್ಷರ ಮಂಜು ಮಂಜಾಗಿಯೇ ಕಾಣುತ್ತಿತ್ತು. ಎರಡು ಸಾಕ್ಷಿ ಸಿಕ್ಕಮೇಲೆ ಆರೋಪ ಸಾಬೀತಾದಂತೆಯೇ ಎಂದುಕೊಂಡು ಎರಡನೇ ಶನಿವಾರ ತಿಪಟೂರಿನಲ್ಲಿ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ.

ಅಂಗಡಿಯ ಹುಡುಗ ನನ್ನ ವೇಷ ನೋಡಿಯೇ "ಮೇಷ್ಟ್ರಾ ಸಾರ್?" ಎಂದ. 27 ಇಂಚಿನದೊಂದನ್ನು ತೋರಿಸಿ, "ಫುಲ್ ಎಚ್‌ಡಿ ಸಾರ್, ಮನೆಯೇ ಥಿಯೇಟರ್ ಆಗುತ್ತೆ" ಎಂದ. ಗೋಡೆಯಷ್ಟಗಲ ಪರದೆ ಕಂಡು ನನ್ನ ಮನಸ್ಸೂ ಕರಗಿತು. ಆದರೆ ಮೂವತ್ತು ವರ್ಷದ ಸುಣ್ಣದಕಡ್ಡಿಯ ಅಭ್ಯಾಸ ಸುಮ್ಮನಿರಲು ಬಿಡಬೇಕಲ್ಲ. ರೈಲು ಟಿಕೆಟ್ಟಿನ ಹಿಂದೆ ಲೆಕ್ಕ ಹಾಕಿದೆ.

ಪರದೆಯ ಇಂಚು ಅಂದರೆ ಕರ್ಣದ ಉದ್ದ, ಅಗಲವಲ್ಲ. ಫುಲ್ ಎಚ್‌ಡಿಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು, ಗುಣಿಸಿದರೆ 20,73,600. ಪರದೆ 24 ಇಂಚಾಗಲಿ 27 ಇಂಚಾಗಲಿ ಚುಕ್ಕಿಗಳು ಅಷ್ಟೇ. ಪೈಥಾಗೊರಸನನ್ನು ಕರೆದು ಕೇಳಿದರೆ 24 ಇಂಚಿನದರಲ್ಲಿ ಪ್ರತಿ ಇಂಚಿಗೆ ಸುಮಾರು 92 ಚುಕ್ಕಿ, 27 ಇಂಚಿನದರಲ್ಲಿ ಸುಮಾರು 82. ಮನೆಯಲ್ಲಿರುವ ನಮ್ಮ ಮುದುಕ ಮಾನಿಟರಿನದು (1366 × 768) ಸುಮಾರು 85! ಅಂದರೆ ದುಡ್ಡು ಕೊಟ್ಟು ಇನ್ನಷ್ಟು ಒರಟು ಅಕ್ಷರ ತಂದಂತೆ. ಹಿಟ್ಟು ಅಷ್ಟೇ, ಕಾವಲಿ ದೊಡ್ಡದು. ದೋಸೆ ತೆಳುವಾಗದೆ ಇನ್ನೇನಾಗುತ್ತದೆ? 27 ಇಂಚಿನಲ್ಲಿ 2560 × 1440 ಚುಕ್ಕಿಯದಾದರೆ ಇಂಚಿಗೆ 109. ಅದರ ಬೆಲೆ ಕೇಳಿದೆ: ನನ್ನ ಬಾಕಿಯಲ್ಲಿ ವಾಪಸು ಬರುವ ರೈಲು ಚಾರ್ಜು ಮಿಗುತ್ತಿತ್ತು, ಅಷ್ಟೆ.

"ಮುಂದಿನ ವಾರ ಬರುತ್ತೇನೆ" ಎಂದು ಹೇಳಿ ಬರಿಗೈಲಿ ಮನೆಗೆ ಬಂದೆ. ಮಗಳ ಮುಖ ಸಪ್ಪಗಾಯಿತು. ತಾರಸಿಯೋ ಮಾನಿಟರೋ ಎಂಬ ಚರ್ಚೆ ಊಟದ ಹೊತ್ತಿಗೆ ಮತ್ತೆ ಎದ್ದಾಗ ನನ್ನಾಕೆ ಬಡಿಸುತ್ತಾ ಹೇಳಿದಳು: "ರೀ, ಮಾನಿಟರ್ ಒಂದೇ ಅಲ್ಲ. ಬಸ್ಸಿನ ಬೋರ್ಡನ್ನೂ ಇವಳಿಗೆ ನಾನೇ ಓದಿ ಹೇಳಬೇಕು."

ನಾನು ತುತ್ತು ಕೆಳಗಿಟ್ಟೆ. "ಕಾಲೇಜಿನಲ್ಲಿ ಬೋರ್ಡು ಕಾಣುತ್ತೇನೇ?" ಎಂದೆ. ಅವಳು ತಲೆ ಎತ್ತದೆ, "ಸರ್ ಬೇಗ ಬೇಗ ಅಳಿಸಿಬಿಡ್ತಾರಪ್ಪ. ಫ್ರೆಂಡ್ ನೋಟ್ಸ್ ನೋಡಿ ಬರ್ಕೋತೀನಿ" ಎಂದಳು.

ಸೋಮವಾರ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಎರಡೂ ಕಣ್ಣಿಗೆ ಮೈನಸ್ 2.25. ಒಂದನ್ನು 2.25ರಿಂದ ಭಾಗಿಸಿ, 0.44 ಮೀಟರ್. ಕಣ್ಣಿನಿಂದ 44 ಸೆಂಟಿಮೀಟರಿನಾಚೆ ಇರುವುದೆಲ್ಲ ನನ್ನ ಮಗಳಿಗೆ ಮಂಜು. ಮನೆಗೆ ಬಂದು ಟೇಪು ಹಿಡಿದು ಅಳೆದೆ: ಕುರ್ಚಿಯಲ್ಲಿ ಬೆನ್ನು ನೆಟ್ಟಗಿಟ್ಟು ಕೂತರೆ ಪರದೆಗೆ 65 ಸೆಂಟಿಮೀಟರ್. ಅದಕ್ಕೇ ಅವಳು ಮೇಜಿನ ಮೇಲೆ ಒರಗುತ್ತಿದ್ದಳು. "ನೆಟ್ಟಗೆ ಕೂರು" ಎಂದು ನಾನು ಅದಕ್ಕೂ ಗದರಿಸಿದ್ದುಂಟು.

ನನ್ನ ಕಥೆ ಇದರ ತಿರುಗುಮುರುಗು. ಐವತ್ತು ದಾಟಿದ ಕಣ್ಣಿನ ಮಸೂರ ಹತ್ತಿರದ್ದಕ್ಕೆ ಬಾಗದು. ಉತ್ತರಪತ್ರಿಕೆ ತಿದ್ದುವ ನನ್ನ ಕನ್ನಡಕ 35 ಸೆಂಟಿಮೀಟರಿಗೆ ಸರಿ. 65ಕ್ಕೆ ಅದೂ ಅಲ್ಲ, ಬರಿಗಣ್ಣೂ ಅಲ್ಲ. ಅಪ್ಪನಿಗೆ ಪೀನ ಮಸೂರ, ಮಗಳಿಗೆ ನಿಮ್ನ ಮಸೂರ. ಇಬ್ಬರೂ ಸೇರಿ ಪಾಪದ ಪರದೆಯ ಮೇಲೆ ತಪ್ಪು ಹೊರಿಸಿದ್ದೆವು. ಹತ್ತನೇ ತರಗತಿಯಲ್ಲಿ ಸಮೀಪದೃಷ್ಟಿಯ ಚಿತ್ರವನ್ನು ಪ್ರತಿ ವರ್ಷ ಬರೆಸುವವನು ನಾನು. ಬಾಣದ ಗುರುತು ಹಾಕದವರಿಗೆ ಅರ್ಧ ಅಂಕ ಕಳೆಯುವವನೂ ನಾನೇ. ಅಂದು ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ.

ಎರಡು ಕನ್ನಡಕಕ್ಕೆ ನಾಲ್ಕು ಸಾವಿರದ ಮುನ್ನೂರು ಆಯಿತು. ಅಂಗಡಿಯಿಂದ ಹೊರಬಂದವಳು ಎದುರಿನ ತೆಂಗಿನಮರ ನೋಡಿ, "ಅಪ್ಪ, ಗರಿ ಒಂದೊಂದೂ ಬೇರೆ ಬೇರೆ ಕಾಣುತ್ತೆ" ಎಂದಳು. ತೆಂಗಿನ ಸೀಮೆಯಲ್ಲೇ ಹುಟ್ಟಿ ಬೆಳೆದ ಹುಡುಗಿ! ನಾನು ಸ್ಕೂಟರಿನ ಕೀಲಿ ಹುಡುಕುವವನಂತೆ ಜೇಬು ತಡಕುತ್ತಾ ನಿಂತೆ.

ಇನ್ನು ಮಾನಿಟರ್ ಬೇಡ ಎಂದುಕೊಂಡೆ. ಆದರೆ ಮರುದಿನವೇ ಹೊಸ ಸಮಸ್ಯೆ. ಕಣ್ಣು ಸರಿಹೋದಮೇಲೆ ಹಳೇ ಪರದೆಯ ಚುಕ್ಕಿಗಳು, ಒತ್ತಕ್ಷರಗಳ ಮುರುಕು ಅಂಚುಗಳು ಅವಳಿಗೆ ಸ್ಪಷ್ಟವಾಗಿ ಕಾಣತೊಡಗಿದವು. ಜೊತೆಗೆ, ಲೆಕ್ಕ ಹೇಳಿಕೊಡಲು ನಾನು ಪಕ್ಕದಲ್ಲಿ ಕೂತರೆ ನನ್ನ ಕಡೆಯಿಂದ ಬಣ್ಣವೆಲ್ಲ ಬಿಳಿಚಿಕೊಳ್ಳುತ್ತಿತ್ತು. ಓರೆನೋಟದ ಈ ದೋಷ ಹಳೇ ಟಿಎನ್ ಪರದೆಗಳ ಹುಟ್ಟುಗುಣ. ಐಪಿಎಸ್ ಎಂಬ ಬಗೆಯವುಗಳಲ್ಲಿ ತೀರಾ ಕಡಿಮೆ.

ಇದರಲ್ಲಿ ನಮ್ಮವರ ಪಾಲೂ ಉಂಟು. ದ್ರವಸ್ಫಟಿಕವನ್ನು 1888ರಲ್ಲಿ ಮೊದಲು ಗುರುತಿಸಿದವನು ಪ್ರಾಗ್‌ನಲ್ಲಿದ್ದ ಸಸ್ಯವಿಜ್ಞಾನಿ ರೈನಿಟ್ಜರ್; ಅವನು ಪರೀಕ್ಷಿಸುತ್ತಿದ್ದ ವಸ್ತುವಿನ ಮೂಲ ಕ್ಯಾರೆಟ್. (ಕಣ್ಣಿಗೆ ಒಳ್ಳೆಯದೆಂದು ಮಕ್ಕಳಿಗೆ ತಿನ್ನಿಸುವ ಅದೇ ಕ್ಯಾರೆಟ್!) ಅಲ್ಲಿಯವರೆಗೆ ತಿಳಿದಿದ್ದ ಕಡ್ಡಿಯಾಕಾರದ ಅಣುಗಳಲ್ಲದೆ, ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು 1977ರಲ್ಲಿ ತೋರಿಸಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು. ಅವರು ಅದಕ್ಕೆ ಮೊದಲು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಎಲ್‌ಸಿಡಿ ಪರದೆಗೆ ಹಚ್ಚುವ ತೆಳುಪೊರೆಗಳಲ್ಲಿ ಮುಂದೆ ಆ ತಟ್ಟೆಯಣುಗಳು ಬಳಕೆಗೆ ಬಂದವು. ಇದನ್ನೆಲ್ಲ ಮಗಳಿಗೆ ಹೇಳಿದೆ. "ಹಾಗಾದ್ರೆ ತಗೋಬಹುದು ಅಂತಾಯ್ತು" ಎಂದಳು.

ಕೊನೆಗೆ ತಂದದ್ದು 24 ಇಂಚಿನ ಐಪಿಎಸ್, ಒಂಬತ್ತು ಸಾವಿರದ ಒಳಗೆ. ಆಟದವರಿಗೆಂದು ಮಾಡಿದ, ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ದುಬಾರಿ ಮಾದರಿಯ ಕಡೆ ತಿರುಗಿ ನೋಡಲಿಲ್ಲ. ಸಿಇಟಿ ಪಾಠಕ್ಕೆ 60 ಧಾರಾಳ. ಮೇಜನ್ನು ಕಿಟಕಿಯ ಪ್ರತಿಫಲನ ಬೀಳದ ಗೋಡೆಗೆ ಸರಿಸಿದ್ದಕ್ಕೆ ಖರ್ಚೇನೂ ಆಗಲಿಲ್ಲ. ಮಿಕ್ಕ ಹಣ ತಾರಸಿಗೆ ಹೋಯಿತು. ಸಾಲದೆ ಬಂದದ್ದನ್ನು ನನ್ನಾಕೆ ಚೀಟಿ ದುಡ್ಡಿನಿಂದ ತುಂಬಿದಳು. ಅದನ್ನು ಆಗಾಗ ನೆನಪಿಸುತ್ತಲೂ ಇರುತ್ತಾಳೆ.

ಹಳೇ ಮಾನಿಟರನ್ನು ಶಾಲೆಗೆ ಹೊತ್ತೊಯ್ದೆ. ಅದರ ಮುಂದಿನ ಧ್ರುವೀಕರಣ ಪೊರೆಯನ್ನು ಜೋಪಾನವಾಗಿ ಸುಲಿದುಬಿಟ್ಟರೆ ಪರದೆ ಬರೀ ಬಿಳಿ ಹಾಳೆಯಂತೆ ಕಾಣುತ್ತದೆ. ಆ ಪೊರೆಯ ತುಣುಕನ್ನು ಕಣ್ಣಿಗೆ ಹಿಡಿದವರಿಗೆ ಮಾತ್ರ ಚಿತ್ರ. ಒಂಬತ್ತನೆಯ ತರಗತಿಯವರು ತುಣುಕಿಗಾಗಿ ಮುಗಿಬಿದ್ದರು. ಗಲಾಟೆ ಅಡಗಿಸಿ, ಮೊದಲು ಎಲ್ಲರನ್ನೂ ಕೊನೆಯ ಬೆಂಚಿನ ಸಾಲಿಗೆ ಕಳಿಸಿ, ಕಪ್ಪುಹಲಗೆಯ ಮೇಲೆ ಒಂದು ಸಾಲು ಸಣ್ಣ ಅಕ್ಷರದಲ್ಲಿ ಬರೆದು, ಒಬ್ಬೊಬ್ಬರಿಂದಲೂ ಓದಿಸಿದೆ. ಮೂವರು ತಡವರಿಸಿದರು. ಅವರ ಡೈರಿಯಲ್ಲಿ ಅಪ್ಪ ಅಮ್ಮಂದಿರಿಗೆ ಚೀಟಿ ಬರೆದು ಕಳಿಸಿದ್ದೇನೆ.