ಖರಾರಾ ಹೊತ್ತು

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಎನ್ನುತ್ತಾರಲ್ಲ, ಬೇಮಳಖೇಡದ ನಮ್ಮ ಹೊಲದ ಮನೆಯಲ್ಲಿ ಅದು ಮೊದಲು ಗೊತ್ತಾಗುವುದು ಕುದುರೆಯ ಮೈಮೇಲೆ. ಬಿಸಿಲು ಇನ್ನೂ ಹದವಾಗಿರುವಾಗಲೇ ಚಂದ್ರಿ ಚಳಿಗಾಲದ ಕೂದಲು ಬಿಡತೊಡಗುತ್ತಾಳೆ. ಕುದುರೆ ಋತು ತಿಳಿಯುವುದು ಸೆಕೆಯಿಂದಲ್ಲ, ಹಗಲು ಉದ್ದವಾಗುವುದರಿಂದ. ಹೆಣ್ಣು ಕುದುರೆ ಬೆದೆಗೆ ಬರುವುದೂ ಅದೇ ಲೆಕ್ಕದಲ್ಲಿ. ವರ್ಷದಲ್ಲಿ ನನಗೆ ಅತಿ ಪ್ರಿಯವಾದ ಕೆಲಸ ಆಗ ಶುರು. ಬೆಳಗಿನ ಖರಾರಾ, ಅಂದರೆ ಕುದುರೆಯ ಮೈ ತಿಕ್ಕುವುದು.

ಹಲವರಿಗೆ ಕುದುರೆಯ ಸುಖ ಸವಾರಿಯಲ್ಲಿ. ನನಗೆ ಅದು ಮೈ ತಿಕ್ಕುವುದರಲ್ಲಿ. ಎಡಗಡೆ ಕುತ್ತಿಗೆಯಿಂದ ಹಿಡಿದು, ಖರಾರಾ ಹಣಿಗೆಯನ್ನು ಸುತ್ತುಸುತ್ತಾಗಿ ಆಡಿಸುತ್ತ ಭುಜ, ಪಕ್ಕೆ, ತೊಡೆಗೆ ಬರಬೇಕು. ಮಾಂಸವಿದ್ದಲ್ಲಿ ಕೈ ಬಿಗಿ ಮಾಡಬಹುದು. ಮೊಣಕಾಲ ಕೆಳಗೆ ಬರೀ ಎಲುಬು, ನರ. ಅಲ್ಲಿ ಬ್ರಷ್ಷು, ಕೊನೆಗೆ ಅಂಗೈ. ಜೂಲು ಮುಗಿದು ಬೆನ್ನು ಶುರುವಾಗುವ ಕಡೆ ಒಂದು ಉಬ್ಬು ಇದೆ. ಅಲ್ಲಿ ಕೆರೆದರೆ ಚಂದ್ರಿಯ ಕುತ್ತಿಗೆ ನೀಳವಾಗುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ, ಮೇಲ್ದುಟಿ ಮುಂದಕ್ಕೆ ಚಾಚಿ ಪಟಪಟ ಅದುರುತ್ತದೆ. ಕುದುರೆಗಳು ಎದುರುಬದುರು ನಿಂತು ಒಂದರ ಮೈ ಒಂದು ಹಲ್ಲಿನಿಂದ ಕೆರೆಯುವುದೂ ಇದೇ ಜಾಗದಲ್ಲಿ. ಇಲ್ಲಿ ಕೆರೆದರೆ ಅವುಗಳ ಎದೆಬಡಿತ ನಿಧಾನವಾಗುತ್ತದೆಂದು ಅಳೆದು ನೋಡಿದವರಿದ್ದಾರೆ. ಚಂದ್ರಿ ಋಣ ಇಟ್ಟುಕೊಳ್ಳುವವಳಲ್ಲ. ತಿರುಗಿ ನನ್ನ ಹೆಗಲನ್ನು ತುಟಿಯಿಂದ ಒತ್ತಿ ಒತ್ತಿ ಉಜ್ಜುತ್ತಾಳೆ. ಉದುರಿದ ಕೂದಲ ಉಂಡೆಗಳನ್ನು ಗುಬ್ಬಿಗಳು ಗೂಡಿಗೆ ಒಯ್ಯುತ್ತವೆ.

ಹೊಟ್ಟೆಗೆ ಕಿವಿ ಹಚ್ಚುವುದು ಮಗಳ ಕೆಲಸ. ಸಾಲಿಗೆ ಹೋಗುವ ಮುಂಚೆ, ಜಡೆ ಹಾಕಿಸಿಕೊಂಡವಳೇ ಓಡಿ ಬಂದು ಎರಡೂ ಪಕ್ಕೆಗೆ ಕಿವಿಯಿಟ್ಟು, “ಅಪ್ಪಾ, ಗುಡುಗುಡು ಅನ್ಲತ್ತದ” ಎಂದರೆ ನನಗೆ ನಿಶ್ಚಿಂತೆ. ಕುದುರೆಯ ಕರುಳು ಸದಾ ಸದ್ದು ಮಾಡುತ್ತಿರಬೇಕು. ಸುಮ್ಮನಾದರೆ ಶೂಲೆ ಬಂತೆಂದು ಓಡಬೇಕು. ತಿಂದದ್ದು ಒಗ್ಗದಿದ್ದರೆ ದನದಂತೆ ಮೆಲುಕು ಹಾಕಲು ಬರುವುದಿಲ್ಲ, ನಾಯಿಯಂತೆ ಕಾರಲೂ ಬರುವುದಿಲ್ಲ. ಅದಕ್ಕೇ ಕಡ್ಲಿ ಕೀಳುವ ಈ ದಿನಗಳಲ್ಲಿ ದಾಣಿಯ ಯಜಮಾನಿಕೆ ಅವ್ವನದು. ರಾತ್ರಿ ನೆನೆಸಿದ ಕಡ್ಲಿ, ಅದೂ ಅವಳ ಬೊಗಸೆಯ ಅಳತೆ. ಉಳಿದದ್ದಕ್ಕೆಲ್ಲ ಜೋಳದ ಕಣಕಿ. ಚಂದ್ರಿಗೆ ಆಸೆ ಇರುವುದು ಮಾತ್ರ ಹೊಲದ ಕಡ್ಲಿ ಗಿಡದ ಮೇಲೆ. ಎಲೆಯ ಮೇಲಿನ ಹುಳಿ ಮೂತಿಗೆ ತಾಗಿದರೆ ಸಾಕು, ಎಷ್ಟೋ ಹೊತ್ತು ತುಟಿ ನೆಕ್ಕುತ್ತಲೇ ಇರುತ್ತಾಳೆ. ಆ ಹುಳಿಗಾಗಿ ಅವ್ವ ಚಳಿಗಾಲದಲ್ಲಿ ಕಡ್ಲಿ ಸಾಲಿನ ಮೇಲೆ ಅರಿವೆ ಹಾಸಿ, ನಸುಕಿನಲ್ಲಿ ಇಬ್ಬನಿಯೊಂದಿಗೆ ಹಿಂಡಿಕೊಳ್ಳುತ್ತಾಳೆ. ಹೊಟ್ಟೆನೋವಿಗೆ ಅವಳ ಔಷಧ ಅದೇ.

ಕುದುರೆಗೆ ಕಡ್ಲಿ ಎಂಬುದು ನಮ್ಮ ಬೀದರ್ ಸೀಮೆಯ ಹಳೇ ಪದ್ಧತಿ. 15ನೇ ಶತಮಾನದಲ್ಲಿ ರಷ್ಯಾದ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಗಂಡು ಕುದುರೆಯನ್ನು ಹಡಗಿನಲ್ಲಿ ಚೌಲ್ ಬಂದರಿಗೆ ತಂದು ಇಳಿಸಿದ. ಜುನ್ನರ್‌ನ ಖಾನ ಅದನ್ನು ಕಿತ್ತುಕೊಂಡ. ಹೆಣಗಾಡಿ ಬಿಡಿಸಿಕೊಂಡು ಬಹಮನಿಗಳ ರಾಜಧಾನಿ ಬೀದರ್‌ಗೆ ಬಂದು ಮಾರಿದ. ವರ್ಷವಿಡೀ ಸಾಕಲು ಅಂದಿನ ನಾಣ್ಯದಲ್ಲಿ 68 ಫುತುನ್ ಖರ್ಚಾಯಿತೆಂದು ಬರೆದಿಟ್ಟಿದ್ದಾನೆ. ಇಲ್ಲಿ ಕುದುರೆಗೆ ಕಡಲೆ ಹಾಕುತ್ತಾರೆ, ಸಕ್ಕರೆ ಬೆಣ್ಣೆ ಬೆರೆಸಿ ಖಿಚಡಿ ಬೇಯಿಸಿ ಕೊಡುತ್ತಾರೆ ಎಂದೂ ಬರೆದ. ಅವನು ಕಂಡ ಒಂದು ಜಾತ್ರೆಯಲ್ಲಿ 20,000 ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವಂತೆ. ಆ ಜಾಗ ನಮ್ಮ ಆಳಂದವೇ ಎನ್ನುತ್ತಾರೆ ಬಲ್ಲವರು. ಓದಿದಾಗ ಮೈ ಜುಮ್ಮೆಂದಿತು.

ಆದರೆ ಅವನ ಒಂದು ಮಾತು ನಾನು ಒಪ್ಪುವುದಿಲ್ಲ. ಈ ನಾಡಿನಲ್ಲಿ ಕುದುರೆ ಹುಟ್ಟುವುದಿಲ್ಲ, ಎತ್ತು ಎಮ್ಮೆ ಮಾತ್ರ ಎಂದುಬಿಟ್ಟ. ಅರಬ್ಬೀ ಕುದುರೆಗಳ ನಡುವೆ ಓಡಾಡಿದವನ ಕಣ್ಣಿಗೆ ಭೀಮಾ ದಂಡೆಯ ಗಿಡ್ಡ ಕುದುರೆ ಬೀಳಲಿಲ್ಲವೇನೋ. ಭೀಮಥಡಿ ಎಂದು ಹೆಸರಾದ ಆ ತಳಿ ಇಂದಿಗೂ ಕುರಿಗಾರರ ಬಿಡಾರ, ಮರಿ, ಗಂಟುಮೂಟೆ ಹೊತ್ತು ನಡೆಯುತ್ತದೆ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಲು ಬಂದವರ ಜೊತೆ ಅವು ಕಂಡರೆ ಚಂದ್ರಿ ಗೂಟ ಅಲುಗುವ ಹಾಗೆ ಕೆನೆಯುತ್ತಾಳೆ. ಅವಳೂ ಅದೇ ಬಳಗದವಳು, ನಾಂದೇಡ ಜಿಲ್ಲೆಯ ಮಾಳೇಗಾಂವದ ಖಂಡೋಬಾ ಜಾತ್ರೆಯಿಂದ ಬಂದವಳು.

ಈಗ ಅವಳು ತುಂಬಿದ ಗಬ್ಬ. ಕುದುರೆಗೆ ಹನ್ನೊಂದು ತಿಂಗಳು; ಹೋದ ಯುಗಾದಿ ಆದಮೇಲೆ ಕಟ್ಟಿದ್ದು, ಹೋಳಿ ಹುಣ್ಣಿವೆಯ ಆಚೀಚೆ ಈಯಬೇಕು. ಖರಾರಾ ಮುಗಿದ ಮೇಲೆ ನಾನು ಬಿಸಿನೀರಲ್ಲಿ ಅದ್ದಿದ ಅರಿವೆಯಿಂದ ಅವಳ ಕೆಚ್ಚಲನ್ನು ದಿನವೂ ಒರೆಸುತ್ತೇನೆ. ಚೊಚ್ಚಲು, ಮರಿ ಬಾಯಿ ಹಾಕಿದಾಗ ಬೆದರಿ ಒದೆಯಬಾರದು. ಮೊದಮೊದಲು ಕಾಲೆತ್ತುತ್ತಿದ್ದಳು, ಈಗ ಬಾಲ ಬೀಸಿ ಸುಮ್ಮನಾಗುತ್ತಾಳೆ. ಮೊಲೆಯ ತುದಿಗೆ ಮೇಣದಂಥ ಹನಿ ಕಟ್ಟಿದರೆ ಒಂದೆರಡು ದಿನದ ಮಾತು, ಅದೂ ಹೆಚ್ಚಾಗಿ ರಾತ್ರಿಯೇ. ಕೊಟ್ಟಿಗೆಯಲ್ಲಿ ಮಲಗುವ ಪಾಳಿಗಾಗಿ ಮನೆಯಲ್ಲಿ ಈಗಲೇ ಜಗಳ ಹತ್ತಿದೆ. ಮಗಳು ಪರೀಕ್ಷೆಯ ಪುಸ್ತಕವನ್ನೂ ಅಲ್ಲಿಗೇ ಒಯ್ಯುವೆನೆಂದು ಹಟ ಹಿಡಿದಿದ್ದಾಳೆ. “ನಿಮಗ್ಯಾರಿಗೂ ಎಚ್ಚರ ಆಗಲ್ಲ, ನಾನೇ ಮಲಗ್ತೀನಿ” ಎಂದು ಅವ್ವ ನಿನ್ನೆ ಸಂಜೆಯೇ ತನ್ನ ಕೌದಿ ಒಯ್ದು ಗ್ವಾದಲಿಯ ಪಕ್ಕ ಇಟ್ಟುಬಂದಳು.